ಅರ್ಧಕ್ಕೆ ನಿಂತ ಆಶೀರ್ವಾದದ ಕುರಿತು ಒಂಟೆಬೆನ್ನಿನ ಗೋಪುರಕ್ಕೆ

ಸನ್ಮಾನ್ಯ ಮೊಬೈಲ್ ಗೋಪುರ ಮಹಾಶಯರ ಸನ್ನಿಧಿಗೆ,
ಒಂಟೆಬೆನ್ನು ಗುಡ್ಡದ ನೆತ್ತಿ, ನಾರಿನ್ ಸೀಮೆ, ಕಿರ್ಗಿಜ್ ನಾಡು.

ಮಾನ್ಯರೇ,

ಮೊದಲಿಗೆ ತಮ್ಮ ಯೋಗಕ್ಷೇಮ. ತಮ್ಮ ನಾಲ್ಕೂ ಕಾಲುಗಳು ಗಟ್ಟಿಯಾಗಿವೆಯೇ, ತಂತಿಗಳು ಬೆಚ್ಚಗಿವೆಯೇ, ತಲೆಯ ಮೇಲಿನ ಕೆಂಪು ದೀಪಕ್ಕೆ ದೃಷ್ಟಿ ತಾಗಿಲ್ಲವಷ್ಟೇ? ಪಕ್ಕದ ಕಣಿವೆಯಲ್ಲಿ ನಿಂತಿರುವ ತಮ್ಮ ಬಂಧುಗಳೆಲ್ಲ ಸೌಖ್ಯವೇ, ಅವರೊಂದಿಗೆ ತಮಗೆ ಮಾತುಕತೆ ಇದೆಯೇ? ಈ ಕೊನೆಯ ಪ್ರಶ್ನೆಯನ್ನು ನಮ್ಮಲ್ಲಿ ಯಾರನ್ನು ಕಂಡರೂ ಕೇಳುವ ವಾಡಿಕೆಯಿಂದ ಕೇಳಿದೆನೇ ಹೊರತು ಚುಚ್ಚಲು ಅಲ್ಲ, ಏಕೆಂದರೆ ತಾವು ಯಾರೊಂದಿಗೂ ಮಾತು ಬಿಟ್ಟು ಬಹಳ ಕಾಲವಾಯಿತೆಂಬುದು ಈ ಹುಲ್ಲುಗಾವಲಿನ ಕುರಿಗಳಿಗೂ ಗೊತ್ತಿದೆ.

ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ಎಸೆನ್‌ಕುಲ್. ತಮ್ಮ ಬುಡದಿಂದ ಕೆಳಗೆ ನೋಡಿದರೆ ಹೊಳೆಯ ಈಚೆ ದಡದಲ್ಲಿ ಒಂಟಿಯಾಗಿ ಕಾಣುವ ಬಿಳಿಯ ಉಣ್ಣೆಗುಡಾರ ನಮ್ಮದು. ಅದರಲ್ಲಿ ಬೇಸಿಗೆ ಪೂರ್ತಿ ನಾನು, ನನ್ನ ಹೆಂಡತಿ ಅನಾರ್ಕುಲ್, ನನ್ನ ತಾಯಿ ತೋತುಕಾನ್ ಇರುತ್ತೇವೆ. ಹೊರಗೆ ಹಾಲು ಕೊಡುವ ಹೆಣ್ಣುಕುದುರೆಗಳಿರುತ್ತವೆ. ತಮ್ಮ ಎಡಗಾಲಿಗೆ ದಿನವೂ ಬೆನ್ನು ತಿಕ್ಕಿಕೊಳ್ಳುವ ಬೂದು ಕುದುರೆಯೂ ನನ್ನದೇ. ಈವರೆಗೆ ತಮ್ಮಿಂದ ಸಂಪೂರ್ಣ ಸೇವೆ ಪಡೆದ ಗ್ರಾಹಕ ಅದೊಂದೇ ಆದ್ದರಿಂದ ಅದರ ಪರವಾಗಿಯೂ ವಂದನೆಗಳು. ಈ ದೂರನ್ನು ತಮ್ಮ ಕಂಪನಿಯವರಿಗೆ ಹೇಳೋಣವೆಂದು ಅವರ ದೂರಿನ ನಂಬರಿಗೆ ಕರೆ ಮಾಡಿದ್ದೆ. ಜೇನಿನಂಥ ದನಿಯ ಹೆಣ್ಣುಮಗಳೊಬ್ಬಳು "ನಿಮ್ಮ ಕರೆ ನಮಗೆ ಅಮೂಲ್ಯ" ಎಂದಳು, ಅಷ್ಟರಲ್ಲಿ ತಾವು ಆ ಅಮೂಲ್ಯವನ್ನು ಕತ್ತರಿಸಿದಿರಿ. ಹೀಗಾಗಿ ನೇರವಾಗಿ ತಮಗೇ ಬರೆದು, ಒಂದು ಪ್ರತಿಯನ್ನು ಊರಿನ ಅಂಗಡಿಯ ಬಾಗಿಲಿಗೆ ಅಂಟಿಸಿ, ಇನ್ನೊಂದನ್ನು ನಾನೇ ಹೊತ್ತು ತಂದು ತಮ್ಮ ಕಾಲಿಗೆ ಕಟ್ಟುತ್ತಿದ್ದೇನೆ. ತಮ್ಮ ಮೂಲಕವೇ ತಮಗೆ ಕಳಿಸುವಷ್ಟು ಧೈರ್ಯ ನನಗೆ ಬರಲಿಲ್ಲ.

ವಿಷಯ ಇದು. ನನ್ನ ಅಣ್ಣ ಸಾತಿಬಾಲ್ಡಿಯ ಮಗ ಬೆಕ್ತೆನ್‌ನ ಮದುವೆ ನಾರಿನ್ ಪಟ್ಟಣದ ಒಂದು ಊಟದ ಹಾಲ್‌ನಲ್ಲಿ ಗೊತ್ತಾಗಿತ್ತು. ಹೆಣ್ಣು ಬೇಗಿಮೈ, ತೆರೆಕ್-ಬುಲಾಕ್ ಊರಿನ ಮಾದಿಲ್ ಎಂಬವರ ಕೊನೆಯ ಮಗಳು. ಮದುವೆಗೆ ನಾಲ್ಕು ದಿನ ಇರುವಾಗ ಹಿಮ ಕರಗಿ ಹೊಳೆ ಉಕ್ಕಿ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಕುದುರೆಯ ಮೇಲೆ ದಾಟಬಹುದಿತ್ತು, ಆದರೆ ಅಮ್ಮ ವಸಂತದಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದರು. ಅವರನ್ನು ಕುದುರೆಯ ಮೇಲೆ ಕೂರಿಸುವುದೂ ಒಂದೇ, ಹೊಳೆಗೆ ನೈವೇದ್ಯ ಕೊಡುವುದೂ ಒಂದೇ. ಅಮ್ಮನನ್ನೂ ಹಾಲಿನ ಕುದುರೆಗಳನ್ನೂ ಬಿಟ್ಟು ನಾವಿಬ್ಬರೂ ಹೋಗುವಂತಿರಲಿಲ್ಲ.

ಅಮ್ಮ ಬಾರದೆ ಮದುವೆ ನಡೆಯಬಹುದು, ಅಮ್ಮನ ಆಶೀರ್ವಾದ ಬಾರದೆ ನಡೆಯುವಂತಿಲ್ಲ. ತಾವು ಕಬ್ಬಿಣದ ವಂಶದವರಾದ್ದರಿಂದ ತಿಳಿದಿರಲಾರದೆಂದು ವಿನಯದಿಂದ ಹೇಳುತ್ತೇನೆ: ನಮ್ಮಲ್ಲಿ ಮನೆಯ ಹಿರಿಯರು ಬಾಯಿ ತೆರೆದು ಹರಸುವಾಗ ಕೂತವರೆಲ್ಲ ಎರಡೂ ಅಂಗೈಗಳನ್ನು ಎದೆಯ ಮುಂದೆ ತೆರೆದು ಹಿಡಿಯಬೇಕು. ಕೊನೆಯಲ್ಲಿ ಹಿರಿಯರು "ಓಮಿನ್" ಎಂದಾಗ ಎಲ್ಲರೂ ಓಮಿನ್ ಎಂದು ಅಂಗೈಗಳಿಂದ ಮುಖ ಸವರಿಕೊಳ್ಳಬೇಕು. ಅದಕ್ಕೂ ಮೊದಲು ಕೈ ಇಳಿಸಿದರೆ ಬಂದ ಹರಕೆಯೆಲ್ಲ ನೆಲಕ್ಕೆ ಚೆಲ್ಲಿದಂತೆ. ಓಮಿನ್ ಆಗದೆ ಮಾಂಸಕ್ಕೆ ಚಾಕು ಮುಟ್ಟಿಸುವವನು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

"ಫೋನಲ್ಲೇ ಹೇಳ್ತೀನಿ ಬಿಡೋ," ಎಂದರು ಅಮ್ಮ. "ಆ ಉದ್ದನೆಯವನು ಗುಡ್ಡದ ಮೇಲೆ ಸುಮ್ನೆ ನಿಂತಿದಾನಲ್ಲ, ಅವನೂ ಒಂದು ಕೆಲಸ ಮಾಡ್ಲಿ."

ಉದ್ದನೆಯವನು ಎಂದರೆ ತಾವು. ಮುಪ್ಪಿನ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಾತನಾಡಿದರೆ ತಾವು ನಡುವೆ ವಿಶ್ರಾಂತಿ ಪಡೆಯುವುದು ನನಗೆ ಗೊತ್ತಿತ್ತು. ತಾವು ಸೋಲಾರ್ ಹಲಗೆಯಿಂದ ಬಿಸಿಲು ಕುಡಿದು ಬದುಕುವವರು, ಮೋಡದ ತುಂಡೊಂದು ಅಡ್ಡ ಬಂದರೂ ತಮಗೆ ನಿದ್ದೆ ಹತ್ತುತ್ತದೆ. ಅದಕ್ಕೇ ಆಶೀರ್ವಾದವನ್ನು ವಿಡಿಯೊ ಮಾಡಿ ಕಳಿಸುವುದೆಂದು ತೀರ್ಮಾನಿಸಿದೆ. ಮದುವೆಯ ಬೆಳಿಗ್ಗೆ ಅಮ್ಮ ಬಿಳಿಯ ರುಮಾಲು ಸುತ್ತಿಕೊಂಡು, ದಿಂಬುಗಳಿಗೆ ಒರಗಿ ಕೂತು, ಅಂಗೈ ತೆರೆದು ಶುರು ಮಾಡಿದರು. ಅಮ್ಮನ ಹರಕೆಯ ಧಾಟಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅವರು ಮೊದಲು ಎದುರಿನವರ ಮೇಲೆ ಊರು ಹೊರಿಸಿದ ಕೊಳೆಯನ್ನೆಲ್ಲ ತಂದು ರಾಶಿ ಹಾಕಿ, ಆಮೇಲೆ ಒಂದೊಂದನ್ನೇ ತೊಳೆದು ಹೊಳೆಯಿಸಿ ಅವರ ಮಡಿಲಿಗೇ ಹಾಕುತ್ತಾರೆ. ಕೊಳೆ ಹೆಚ್ಚಿದ್ದಷ್ಟೂ ಹೊಳಪು ಹೆಚ್ಚು ಎಂಬುದು ಅವರ ಶಾಸ್ತ್ರ. ರಾಶಿ ಹಾಕಿ ಮುಗಿಯುವ ಹೊತ್ತಿಗೆ ಅವರಿಗೆ ಬಾಯಾರಿತು. "ನಿಲ್ಸು" ಎಂದು ಒಂದು ಬಟ್ಟಲು ಕುಮಿಸ್ ತರಿಸಿ, ಅಂಗೈ ಇಳಿಸದೆ ಅನಾರ್ಕುಲ್ ಕೈಯಿಂದಲೇ ಕುಡಿದು, ಹುಳಿ ಹಾಲಿನ ಮೀಸೆ ಒರೆಸಿಸಿಕೊಂಡು, "ಈಗ ಹಿಡಿ" ಎಂದರು. ಹೀಗೆ ವಿಡಿಯೊ ಎರಡಾಯಿತು: ಒಂದರಲ್ಲಿ ಕೊಳೆ, ಒಂದರಲ್ಲಿ ಹೊಳಪು.

ತಮ್ಮ ದರ್ಶನ ಸಿಗುವುದು ಒಂಟೆಬೆನ್ನಿನ ಎರಡನೆಯ ಉಬ್ಬಿನ ಮೇಲೆ, ಅದೂ ಕುದುರೆಯ ಮೇಲೆ ಜೀನಿನ ರಿಕಾಪಿನಲ್ಲಿ ಕಾಲೂರಿ ಎದ್ದು ನಿಂತು ಕೈ ಮೇಲೆತ್ತಿದರೆ. ಹಾಗೆ ನಿಂತು ಮೊದಲನೆಯ ವಿಡಿಯೊ ಒತ್ತಿದೆ. ಸುಳ್ಳು ಹೇಳಬಾರದು ಮಾನ್ಯರೇ, ಅದು ಬೆಣ್ಣೆಯಲ್ಲಿ ಕೂದಲೆಳೆದಂತೆ ಹೋಯಿತು. ತಮ್ಮ ಇಡೀ ಜೀವಮಾನದಲ್ಲಿ ತಾವು ಒಂದೇ ಒಂದು ಫೈಲನ್ನು ಹೀಗೆ ಬಿಡದೆ, ಮುಕ್ಕಾಗಿಸದೆ, ಉಸಿರು ತೆಗೆಯದೆ ತಲುಪಿಸಿದ್ದಿದ್ದರೆ ಅದು ಇದೇ. ಅದರಲ್ಲಿ ಇದ್ದದ್ದು ಬರೀ ಬೈಗುಳ ಎಂಬುದು ತಮ್ಮ ಅಭಿರುಚಿಗೆ ಸಾಕ್ಷಿ. ಎರಡನೆಯದನ್ನು ಒತ್ತಿದೆ. ಗೆರೆ ನಿಧಾನವಾಗಿ ಬೆಳೆಯಿತು, ಅರ್ಧ ದಾಟಿತು, ಮುಕ್ಕಾಲು ದಾಟಿತು, ತುದಿಗೆ ಗೋಧಿ ಕಾಳಿನಷ್ಟು ಜಾಗ ಉಳಿದಾಗ ಆಕಾಶದಲ್ಲಿ ಒಂದು ಮೋಡ ಬಂತು. ತಾವು ಕಣ್ಣು ಮುಚ್ಚಿದಿರಿ. ಎಚ್ಚರವಾದಾಗ ತಮಗೆ ಹಿಂದಿನದೇನೂ ನೆನಪಿರಲಿಲ್ಲ. ಗೆರೆ ಮತ್ತೆ ಮೊದಲಿನಿಂದ ಶುರುವಾಯಿತು. ಮತ್ತೆ ತುದಿಯವರೆಗೆ, ಮತ್ತೆ ಮೋಡ, ಮತ್ತೆ ಮೊದಲಿಗೆ. ಬಾವಿಯಿಂದ ಕೊಡವನ್ನು ಕಟ್ಟೆಯವರೆಗೆ ಎಳೆದು, ಬಾಯಿಗೆ ಬರುವಾಗ ಹಗ್ಗ ಬಿಡುವ ಸೊಸೆಯನ್ನು ಯಾವ ಅತ್ತೆಯೂ ಸಹಿಸಳು. ತಮ್ಮನ್ನು ನಾವು ಸಹಿಸಿಕೊಂಡೆವು, ಏಕೆಂದರೆ ತಮ್ಮನ್ನು ತವರಿಗೆ ಕಳಿಸಲು ದಾರಿ ಗೊತ್ತಿಲ್ಲ.

ಅತ್ತ ಹಾಲ್‌ನಲ್ಲಿ ಆದದ್ದನ್ನು ಅಣ್ಣ ಆಮೇಲೆ ವಿವರವಾಗಿ ಹೇಳಿದ. ನೂರಾರು ಜನ ಮೇಜುಗಳ ಮುಂದೆ ಕೂತಿದ್ದರು; ಬೆಶ್‌ಬರ್ಮಾಕ್‌ನ ತಟ್ಟೆಗಳಿಂದ ಮಾಂಸದ ಹಬೆ ಏಳುತ್ತಿತ್ತು. ಬಂದ ಒಂದು ವಿಡಿಯೊವನ್ನೇ ಪೂರ್ತಿ ಆಶೀರ್ವಾದವೆಂದು ತಿಳಿದ ಅಣ್ಣ, ಗೋಡೆಯ ದೊಡ್ಡ ಪರದೆಗೆ ಅದನ್ನು ಹಾಕಿಸಿದ. ಪರದೆಯ ತುಂಬ ಅಮ್ಮ.

"ಎಲ್ಲಾರೂ ಅಂಗೈ ತೆರೀರಿ," ಎಂದರು ಅಮ್ಮ. ನೂರಾರು ಜೋಡಿ ಅಂಗೈಗಳು ತೆರೆದುಕೊಂಡವು. "ಜನ ನಂಗೇನಂದ್ರು ಗೊತ್ತಾ? ತೆರೆಕ್-ಬುಲಾಕ್‌ನೋರು ಸಕ್ಕರೆ ಅಚ್ಚು ಎಣಿಸಿ ಇಡ್ತಾರೆ, ನೆಂಟ್ರು ಎದ್ದು ಹೋದ್ಮೇಲೆ ಮತ್ತೆ ಎಣಿಸ್ತಾರೆ ಅಂದ್ರು. ಹುಡುಗಿ ಗಾಳಿಗೆ ಹಾರಿಹೋಗ್ತಾಳೆ, ಜೇಬಿಗೆ ಕಲ್ಲು ಹಾಕಿ ಕರ್ಕೊಂಡು ಬನ್ನಿ ಅಂದ್ರು. ಇನ್ನು ಅವಳ ಅಪ್ಪ ಮಾದಿಲ್! ನನ್ನ ಗಂಡನ ತಲೆಗೆ ಕುಂಟು ಕುದುರೆ ಕಟ್ಟಿದ ಮಾದಿಲ್!"

ಅಷ್ಟೇ. ಪರದೆ ಅಲ್ಲಿಗೆ ನಿಂತಿತು. ಅಮ್ಮ ಬಾಯಿ ತೆರೆದು, ಅಂಗೈ ತೆರೆದು, ಕಣ್ಣು ಕೆಕ್ಕರಿಸಿ ಗೋಡೆಯ ಮೇಲೆ ಸ್ಥಿರವಾದರು. ಮಾದಿಲ್ ಎದ್ದು ನಿಂತರು.

"ಬೀಗರೇ," ಎಂದರು ಅಣ್ಣನಿಗೆ, "ನನ್ನ ಮಗಳ ಮದ್ವೆಗೆ ಕರೆಸಿ, ಗೋಡೆ ಮೇಲಿಂದ ಬೈಸ್ತೀರಾ? ನಮ್ಮೋರೇ, ಏಳ್ರಿ! ಹುಡುಗಿ ಪೆಟ್ಟಿಗೆ ತಗೊಂಡು ವ್ಯಾನಿಗೆ ಹಾಕ್ರಿ!"

ಯಾರೂ ಏಳಲಿಲ್ಲ. ಬೀಗರ ಮೇಲಿನ ಪ್ರೀತಿಯಿಂದಲ್ಲ. ಎಲ್ಲರ ಕೈಯೂ ತೆರೆದಿತ್ತು. ಹರಕೆ ಶುರುವಾಗಿದೆ, ಓಮಿನ್ ಆಗಿಲ್ಲ. ಪೆಟ್ಟಿಗೆ ಎತ್ತಬೇಕಾದರೆ ಕೈ ಇಳಿಸಬೇಕು, ಕೈ ಇಳಿಸಿದರೆ ಮಗಳ ಬಾಳಿನ ಹರಕೆ ನೆಲದ ಪಾಲು. ಮಾದಿಲ್ ಕೂಡ ಬೈಯುತ್ತಿದ್ದದ್ದು ಎರಡೂ ಅಂಗೈಗಳನ್ನು ಎದೆಯ ಮುಂದೆ ಭಕ್ತಿಯಿಂದ ಹಿಡಿದುಕೊಂಡೇ. ನಮ್ಮ ಕಡೆಯ ಒಬ್ಬ ಬಿಸಿರಕ್ತದವನು ಅವರ ಮೇಲೆ ಏರಿ ಹೋದನಂತೆ, ಹೋಗಿ ಎದುರಿಗೆ ನಿಂತು ಅವನೂ ಅಂಗೈ ತೆರೆದುಕೊಂಡೇ ಗುರುಗುಟ್ಟಿದನಂತೆ. ಇಬ್ಬರೂ ಒಬ್ಬರಿಂದೊಬ್ಬರು ಭಿಕ್ಷೆ ಬೇಡುತ್ತಿದ್ದಂತೆ ಕಂಡಿತು. ಮಾನ್ಯರೇ, ಆ ಜಗಳವನ್ನು ಹಚ್ಚಿದವರು ತಾವು, ಅದು ಕೈ ಮಿಲಾಯಿಸುವವರೆಗೆ ಹೋಗದಂತೆ ತಡೆದವರೂ ತಾವೇ. ಉಪಕಾರ ಸ್ಮರಣೆಯಲ್ಲಿ ನಾನು ಹಿಂದೆ ಬಿದ್ದವನಲ್ಲ.

ಅಣ್ಣ ನನಗೆ ಕರೆ ಮಾಡಿದ. ಅವನ ಕೈಯೂ ತೆರೆದಿದ್ದರಿಂದ ಫೋನನ್ನು ಸಕ್ಕರೆ ಬಟ್ಟಲಿಗೆ ಒರಗಿಸಿ ಮೂಗಿನಿಂದ ಒತ್ತಿದನಂತೆ. ಅಂಗೈ ಇಳಿಸಬಾರದೆಂದಿದೆ, ಮೂಗಿನ ಬಗ್ಗೆ ಹಿರಿಯರು ಏನೂ ಹೇಳಿಲ್ಲ ಎಂದು ಪಕ್ಕದ ಮುದುಕರೊಬ್ಬರು ತೀರ್ಪು ಕೊಟ್ಟಿದ್ದರು.

"ಲೇ ಎಸೆನ್... ಅಮ್ಮ ಏನೋ... ಕುದುರೆ... ಪೆಟ್ಟಿಗೆ ವ್ಯಾನಿಗೆ... ಉಳಿದಿದ್ದು ಕಳ್ಸೋ ಮಾರಾಯ, ಬೇಗ..." ಎಂದು ತುಂಡುತುಂಡಾಗಿ ಕೇಳಿಸಿತು. ಆ ತುಂಡುಗಳನ್ನು ಜೋಡಿಸಿಕೊಂಡಾಗ ವಿಷಯ ತಿಳಿಯಿತು. ಕೊಳೆ ತಲುಪಿದೆ, ಹೊಳಪು ನನ್ನ ಜೇಬಿನಲ್ಲೇ ಇದೆ. ಏನೂ ತಲುಪದಿದ್ದರೆ ಮದುವೆ ತಡವಾಗುತ್ತಿತ್ತು, ಅಷ್ಟೇ. ಅರ್ಧ ತಲುಪಿದ್ದರಿಂದ ಮದುವೆಯೇ ಮುರಿಯುವುದರಲ್ಲಿತ್ತು.

ಗುಡ್ಡ ಇಳಿದು ಓಡಿದೆ. ಗುಡಾರದಲ್ಲಿ ಅಮ್ಮ ಇನ್ನೂ ಅಂಗೈ ತೆರೆದು ಕೂತಿದ್ದರು. ಅಲ್ಲಿಯವರು ಓಮಿನ್ ಎನ್ನುವವರೆಗೆ ತಾನೂ ಕೈ ಇಳಿಸುವುದಿಲ್ಲವೆಂದು ಹಟ. ಅನಾರ್ಕುಲ್ ಮಾತ್ರ ಹಾಲು ಕರೆಯುವ ಬಕೆಟ್ ಹಿಡಿದು ಹೊರಟಿದ್ದಳು.

"ನಿಮ್ಮಮ್ಮ ನಂಗೂ ಅಂಗೈ ತೆರಿ ಅಂದ್ರು," ಎಂದಳು. "ನಾನಂದೆ, ಅತ್ತೆ, ಕೆಚ್ಚಲು ಬಿಗಿದಿರೋ ಕುದುರೆಗೆ ಶಾಸ್ತ್ರ ಹೇಳಿ ನೋಡಿ, ಒದ್ದರೆ ನಾನು ಕೇಳಲ್ಲ ಅಂತ."

ನಾನು ಆದದ್ದನ್ನೆಲ್ಲ ಹೇಳಿದೆ. ಅಮ್ಮನ ಮುಖ ಬಾಡಿತು. "ಅಯ್ಯೋ ನನ್ ಬಾಯಿಗೆ," ಎಂದರು ಮೆಲ್ಲಗೆ. "ಆ ಮಗು ಬೇಗಿಮೈ ಕೇಳಿಸ್ಕೊಂಡ್ಲೇನೋ?" ಆಮೇಲೆ ತಮ್ಮ ಕಡೆ, ಅಂದರೆ ಗುಡ್ಡದ ತುದಿಯ ಕಡೆ ತಿರುಗಿ ಎರಡು ಮಾತು ಹೇಳಿದರು, ಅವನ್ನು ಬಹಿರಂಗ ಪತ್ರದಲ್ಲಿ ಬರೆಯುವಂತಿಲ್ಲ.

ಅನಾರ್ಕುಲ್ ಬಕೆಟ್ ಕೆಳಗಿಟ್ಟಳು. "ಹೊಳೆ ಏರಿದಾಗ ನೀನು ಇಡೀ ಹಿಂಡನ್ನ ಒಂದೇ ಸಲ ನೀರಿಗೆ ನೂಕ್ತೀಯಾ?" ಎಂದು ಕೇಳಿದಳು. "ಐದೈದೇ ಬಿಡ್ತೀವಲ್ಲ? ಆಚೆ ದಡದೋನು 'ಬಂತು' ಅಂತ ಕೂಗ್ಬೇಕು. ಕೂಗದಿದ್ರೆ ಆ ಐದನ್ನಷ್ಟೇ ಮತ್ತೆ ಹುಡುಕೋದು. ದಾಟಿ ಆಗಿರೋ ಕುರೀನ ಯಾವನಾದ್ರೂ ಈಚೆ ದಡಕ್ಕೆ ವಾಪಸ್ ತರ್ತಾನಾ?"

ಹುಟ್ಟಿದಾಗಿನಿಂದ ಕುರಿ ದಾಟಿಸಿದವನಿಗೆ ಮಾತು ದಾಟಿಸುವಾಗ ಅದು ಹೊಳೆಯದೆ ಹೋದದ್ದು ತಮ್ಮ ಸಹವಾಸದ ಫಲವೆಂದೇ ನನ್ನ ನಂಬಿಕೆ. ಆಗಲೇ ಹೊಳಪಿನ ಭಾಗವನ್ನು ಅಮ್ಮನ ಬಾಯಲ್ಲಿ ಮತ್ತೆ ಹೇಳಿಸಿದೆ, ಈ ಸಲ ಮುಖವಿಲ್ಲದೆ, ಬರೀ ದನಿ, ಚಿಕ್ಕ ಚಿಕ್ಕ ತುಂಡುಗಳಾಗಿ. ಕುರಿಯ ಬೆನ್ನಿಗೆ ಬಣ್ಣ ಹಚ್ಚುವಂತೆ ಪ್ರತಿ ತುಂಡಿನ ಮೊದಲು ಅದು ಎಷ್ಟನೆಯದು ಎಂದು ನಾನೇ ಕೂಗಿದೆ. ಅಮ್ಮನಿಗೆ ಅದು ಸರಿಬರಲಿಲ್ಲ. "ಆಶೀರ್ವಾದಕ್ಕೆ ನಂಬರ್ ಹಾಕ್ತಿಯಲ್ಲೋ, ಇದೇನು ಬಸ್ಸಾ?" ಎಂದು ಗೊಣಗಿದರು. ಆದರೂ ಹೇಳಿದರು.

ಮೂರನೆಯ ತುಂಡು ಕುದುರೆಯದು. ಅದನ್ನು ಹೇಳುವಾಗ ಅಮ್ಮ ನನ್ನ ಮುಖ ನೋಡಲಿಲ್ಲ, ಗುಡಾರದ ನೆತ್ತಿಯ ಕಿಂಡಿ ನೋಡಿದರು. ಬೆಳಿಗ್ಗೆ ವಿಡಿಯೊ ಹಿಡಿಯುವಾಗ ನಾನು ಫೋನಿನ ಗಾಜನ್ನೇ ನೋಡುತ್ತಾ, ಅಮ್ಮನ ತಲೆ ಅಂಚಿಗೆ ಹೋಗದಂತೆ ಕಾಯುತ್ತಾ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಕೇಳಿದೆ.

ಮತ್ತೆ ಗುಡ್ಡ ಹತ್ತಿ, ಮತ್ತೆ ರಿಕಾಪಿನಲ್ಲಿ ನಿಂತೆ. ಮೊದಲ ತುಂಡು ಕಳಿಸಿದೆ. ಸ್ವಲ್ಪ ಹೊತ್ತಿಗೆ ಅಣ್ಣನ ಮೂಗಿನಿಂದ ಉತ್ತರ ಬಂತು: "ಬತು." ಆ ಎರಡಕ್ಷರ ಓದಿ ನಾನು ಕುದುರೆಯ ಕುತ್ತಿಗೆ ತಬ್ಬಿಕೊಂಡೆ. ಹಾಲ್‌ನಲ್ಲಿ ಧ್ವನಿವರ್ಧಕದಿಂದ ಅಮ್ಮನ ದನಿ: "ಅದಕ್ಕೆ ನಾನಂದೆ, ಸಕ್ಕರೆ ಎಣಿಸೋ ಮನೇಲೇ ನೆಂಟ್ರು ಎಷ್ಟು ಬಂದ್ರು, ಯಾರು ಹಸ್ಕೊಂಡು ಹೋದ್ರು ಅನ್ನೋ ಲೆಕ್ಕ ಇರೋದು ಅಂತ." ಹೆಣ್ಣಿನ ಕಡೆಯವರ ಗೊಣಗಾಟ ಒಂದು ಮೊಳ ಇಳಿಯಿತು. ಎರಡನೆಯದೂ ದಾಟಿತು: "ಹುಡುಗಿ ತೆಳ್ಳಗಿದ್ದಾಳೆ ಅಂದ್ರೆ ಇರ್ಲಿ. ಹರಿದ ಗುಡಾರಾನ ಹೊಲಿಯೋದು ಸೂಜೀನೇ ಹೊರತು ಗೂಟ ಅಲ್ಲ." ಬೇಗಿಮೈ ಮುಸುಕಿನೊಳಗೆ ನಕ್ಕಳಂತೆ.

ಮೂರನೆಯದಕ್ಕೆ ತಾವು ಅಡ್ಡ ನಿಂತಿರಿ. ಯಾಕೆಂದು ನಾನು ಕೇಳುವುದಿಲ್ಲ; ದೊಡ್ಡವರ ಮನಸ್ಸು. ಅದು ಹೋಗದಿದ್ದಾಗ ಹೊತ್ತು ಕಳೆಯಬಾರದೆಂದು ನಾಲ್ಕನೆಯದನ್ನು ಬಿಟ್ಟೆ. ಉತ್ತರವಿಲ್ಲ. ಮತ್ತೆ ಬಿಟ್ಟೆ. ಉತ್ತರವಿಲ್ಲ. ಇನ್ನೊಮ್ಮೆ ಬಿಟ್ಟೆ. ಆದದ್ದೇನೆಂದರೆ ನಾಲ್ಕನೆಯದು ಮೂರೂ ಸಲ ಸುಖವಾಗಿ ತಲುಪಿತ್ತು. ದಾರಿಯಲ್ಲಿ ತಾವು ನುಂಗಿದ್ದು ಅಣ್ಣನ "ಬತು"ಗಳನ್ನು. ನಾಲ್ಕನೆಯದರಲ್ಲಿದ್ದ ಮಾತು: "ಒಂಬತ್ತು ಮಕ್ಕಳಾಗ್ಲಿ, ಒಂಬತ್ತೂ ಕುದುರೆ ಏರ್ಲಿ." ಒಂದು ಸಲ ಕೇಳಿ ಹಾಲ್ ಮೆಚ್ಚಿತು. ಎರಡನೆಯ ಸಲ ಮದುಮಗಳು ತಲೆ ತಗ್ಗಿಸಿದಳು. ಮೂರನೆಯ ಸಲಕ್ಕೆ ಅಳಲು ಶುರು ಮಾಡಿದಳು.

"ಇಪ್ಪತ್ತೇಳು ಮೊಮ್ಮಕ್ಕಳನ್ನ ಕೊಟ್ಟು ನನ್ ಬಾಯಿ ಮುಚ್ಚಿಸ್ತೀರಾ?" ಎಂದು ಮಾದಿಲ್ ಗುಡುಗಿದರು. "ನನ್ ಕುದುರೆ ವಿಚಾರ ಎಲ್ಲಿ? ಬೀಗಿತ್ತಿ ಅದನ್ನ ಯಾಕೆ ಹಾರಿಸಿದ್ರು?"

ನನಗೆ ಅಣ್ಣನ ಮೂಗಿನ ಸಂದೇಶ ಬಂತು: "3 ಕಳ್ಸು. 4 ಸಾಕು. ಹುಡ್ಗಿ ಅಳ್ತವ್ಳೆ."

ಮೋಡ ಸರಿಯಿತು. ತಾವು ಕಣ್ಣು ಬಿಟ್ಟಿರಿ. ಮೂರನೆಯದು ಹೋಯಿತು. ಅದರಲ್ಲಿ ಅಮ್ಮ ಹೇಳಿದ್ದು ಇಷ್ಟು:

"ಮಾದಿಲ್, ನೀನು ಮಾರಿದ ಕಂದು ಕುದುರೆ ನಿಜವಾಗ್ಲೂ ಕುಂಟೇ. ಆ ವರ್ಷ ಚಳಿಗಾಲದ ಮುಂಚೆ ಗಂಡಸರೆಲ್ಲ ಹಿಂಡು ಹೊಡ್ಕೊಂಡು ಕಣಿವೆ ದಾಟ್ತಿದ್ರು. ನಿನ್ ಕುದುರೆ ಮೊದಲನೇ ಏರಿನಲ್ಲೇ ಕುಂಟ್ತು. ನನ್ ಗಂಡ ಹೆಜ್ಜೆಗೊಂದು ಸಲ ನಿನ್ನ ಬೈಕೊಂಡು ಹಿಂದೆ ಬಿದ್ದ. ಮುಂದೆ ಹೋದೋರ ಮೇಲೆ ಹಿಮ ಜಾರ್ತು. ಅವ್ರು ಯಾರೂ ಬರ್ಲಿಲ್ಲ. ಅವನೊಬ್ಬ ಬಂದ, ಕುದುರೆ ಹಗ್ಗ ಹಿಡ್ಕೊಂಡು ನಡ್ಕೊಂಡೇ ಬಂದ. ಮುಂದಿನ ವರ್ಷ ಬೇಸಿಗೆ ಕೊನೇಲಿ ನನ್ ಎಸೆನ್‌ಕುಲ್ ಹುಟ್ಟಿದ. ಗಂಡ ಸಾಯೋವರ್ಗೂ ಬಾಯಲ್ಲಿ ನಿನ್ನ ಬೈದ, ಆದ್ರೆ ಆ ಕುದುರೇನ ಮಾರ್ಲಿಲ್ಲ, ಕೊಯ್ಯಲಿಲ್ಲ, ಮುದಿಯಾಗಿ ಸಾಯೋತನಕ ಕೈಯ್ಯಾರೆ ಹುಲ್ಲು ಹಾಕ್ದ. ನೀನು ಒಳ್ಳೇ ಕುದುರೆ ಮಾರಿದ್ರೆ ನಾನು ಅವತ್ತೇ ವಿಧವೆ. ಈಗ ಮಗಳನ್ನ ಕೊಡ್ತಿದೀಯ. ನಿನ್ನ ವ್ಯಾಪಾರದಿಂದ ನಮ್ಮನೆಗೆ ಒಳ್ಳೇದೇ ಆಗಿದೆ."

ಅಪ್ಪ ಯಾಕೆ ಆ ಕುಂಟು ಪ್ರಾಣಿಗೆ ದಿನವೂ ಬೈದು ಬೈದು ಹುಲ್ಲು ಹಾಕುತ್ತಿದ್ದರೆಂಬುದು ನನಗೆ ಗುಡಾರದಲ್ಲಿ ಆ ದಿನವಷ್ಟೇ ತಿಳಿದಿತ್ತು. ಗುಡ್ಡದ ಮೇಲೆ ಗಾಳಿಯಲ್ಲಿ ನಿಂತು, ಗೆರೆ ಬೆಳೆಯುವುದನ್ನು ನೋಡುತ್ತಾ, ಈ ಒಂದು ತುಂಡು ದಾರಿಯಲ್ಲಿ ಕಳೆದರೆ ನಾನು ಹುಟ್ಟಿದ ಕಾರಣವೇ ಕಳೆದಂತೆ ಎಂದು ನನಗೆ ಅನ್ನಿಸಿತು. ತಮ್ಮನ್ನು ನಾನು ಬೇಡಿಕೊಂಡದ್ದು ಆಗ ಮಾತ್ರ, ಅದೂ ಗಟ್ಟಿಯಾಗಿ. ಯಾರೂ ಕೇಳಿಸಿಕೊಂಡಿಲ್ಲವೆಂದು ಭಾವಿಸಿದ್ದೇನೆ, ತಾವಂತೂ ಕೇಳಿಸಿಕೊಳ್ಳುವವರಲ್ಲ.

"ಬತು."

ಹಾಲ್‌ನಲ್ಲಿ ಮಾದಿಲ್ ನಿಂತಲ್ಲೇ ನಿಂತಿದ್ದರಂತೆ. ಅದು ಅವರ ಹರೆಯದ ಮೊದಲ ವ್ಯಾಪಾರ. ಕುದುರೆ ಕುಂಟೆಂದು ಗೊತ್ತಿದ್ದೇ, ಕುಂಟು ಕಾಣದಂತೆ ಕಾಲಿಗೆ ಬಿಸಿ ಕೊಟ್ಟು ಸಂತೆಗೆ ತಂದಿದ್ದರು. ಆಮೇಲೆ ಇಷ್ಟು ವರ್ಷವೂ ನಮ್ಮ ಅಪ್ಪನನ್ನು ದೂರದಿಂದ ಕಂಡರೆ ದಾರಿ ಬದಲಿಸುತ್ತಿದ್ದರಂತೆ. ಈಗ ಕಣ್ಣೀರು ಧಾರೆಯಾಗಿ ಗಡ್ಡಕ್ಕಿಳಿಯಿತು, ಗಡ್ಡದಿಂದ ಅಂಗೈಗೆ ತೊಟ್ಟಿಕ್ಕಿತು. ಒರೆಸಿಕೊಳ್ಳಲು ಕೈ ಇರಲಿಲ್ಲ. ಅಣ್ಣ ಒರೆಸಲು ಹೋದ, ಅವನಿಗೂ ಕೈ ಇರಲಿಲ್ಲ. ಕೊನೆಗೆ ಅಣ್ಣ ತನ್ನ ಭುಜವನ್ನು ಮುಂದೆ ಮಾಡಿದ, ಬೀಗರು ಆ ಹೊಸ ಕೋಟಿಗೆ ಮುಖ ಒರೆಸಿಕೊಂಡರು. ಇಂಥ ಅಪರೂಪದ ದೃಶ್ಯವನ್ನು ವಿಡಿಯೊದವನು ಹಿಡಿಯಬೇಕಿತ್ತು. ಅವನೂ ಅಂಗೈ ತೆರೆದು ನಿಂತಿದ್ದರಿಂದ ಮದುವೆಯ ವಿಡಿಯೊದಲ್ಲಿ ಆ ಹೊತ್ತಿನದ್ದು ಬರೀ ಮೇಜಿನ ಕಾಲಿದೆ.

ಐದನೆಯದೂ ಹೋಯಿತು: ಒಲೆ ಆರದಿರಲಿ, ಹಟ್ಟಿಯ ದಾರಿ ತೋಳಕ್ಕೆ ಮರೆಯಲಿ, ಗಂಡಹೆಂಡಿರ ಜಗಳ ಹಾಲು ಕಾಯುವುದರೊಳಗೆ ಆರಲಿ. ಉಳಿದದ್ದು ಆರನೆಯದು. ಅದರಲ್ಲಿದ್ದದ್ದು ಒಂದೇ ಪದ: ಓಮಿನ್.

ಮಾನ್ಯರೇ, ಇಡೀ ಕುದುರೆಯನ್ನು ದಾಟಿಸಿದ ತಾವು ಆ ಪದವನ್ನು ದಾಟಿಸಲಿಲ್ಲ. ಅದು ಸಾಸಿವೆಯಷ್ಟು ಚಿಕ್ಕದು. ಎಷ್ಟು ಸಲ ಒತ್ತಿದೆನೋ ಲೆಕ್ಕವಿಲ್ಲ. ಹಾಲ್‌ನಲ್ಲಿ ಹರಕೆಯೆಲ್ಲ ಬಂದಾಗಿತ್ತು, ಜಗಳ ಮುಗಿದಿತ್ತು, ಮಾಂಸದ ಕೊಬ್ಬು ತಟ್ಟೆಯಲ್ಲಿ ಹೆಪ್ಪುಗಟ್ಟುತ್ತಿತ್ತು, ಆದರೆ ಕೈ ಇಳಿಸಲು ಅಪ್ಪಣೆ ಬಂದಿರಲಿಲ್ಲ. ಮುದುಕರು ಮೊಣಕೈಗಳನ್ನು ಮೇಜಿಗೆ ಊರಿದ್ದರು. ಯಾರದೋ ಕಂಕುಳ ಕೂಸು ಮೇಜಿನ ಮೇಲೆ ತೆವಳಿಕೊಂಡು ಹೋಗಿ, ಕರಿದ ಹಿಟ್ಟಿನ ತುಂಡುಗಳಾದ ಬೋರ್ಸೋಕ್‌ಗಳನ್ನು ಒಂದೊಂದಾಗಿ ಎತ್ತಿ ದೊಡ್ಡವರ ತೆರೆದ ಅಂಗೈಗಳಲ್ಲಿ ಇಡುತ್ತಾ ಹೋಯಿತಂತೆ, ದೊಡ್ಡವರು ಅವನ್ನು ತಿನ್ನಲಾರದೆ, ಬಿಡಲಾರದೆ ನೋಡುತ್ತಾ ಕೂತರಂತೆ. ಅಣ್ಣ ತಾನೇ ಓಮಿನ್ ಎಂದುಬಿಡಲೇ ಎಂದು ಕೇಳಿದ. ಹರಸಿದವರ ಬಾಯಿಂದಲೇ ಬರಬೇಕು ಎಂದರು ಹಿರಿಯರು.

ಕೊನೆಗೆ ಸೋತು, ಓಮಿನ್ ಹೋಗುತ್ತಿಲ್ಲ, ನೀವೇ ಏನಾದರೂ ಮಾಡಿಕೊಳ್ಳಿ ಎಂದು ಹೇಳಲು ಅಣ್ಣನಿಗೆ ಕರೆ ಮಾಡಿದೆ. ಒಂದು ಸಲ ರಿಂಗಾಯಿತು. ತಾವು ಕತ್ತರಿಸಿದಿರಿ. ಆಮೇಲೆ ತಮ್ಮ ಕೆಂಪು ದೀಪವೂ ಆರಿತು. ನಾನು ಕುದುರೆಯ ಲಗಾಮು ಎಳೆದು, ಸತ್ತ ಮುಖ ಹೊತ್ತುಕೊಂಡು ಗುಡ್ಡ ಇಳಿದೆ.

ಅತ್ತ ಹಾಲ್‌ನಲ್ಲಿ ಸಕ್ಕರೆ ಬಟ್ಟಲಿಗೆ ಒರಗಿದ್ದ ಫೋನು ಒಂದೇ ಒಂದು ಸಲ ಟ್ರಿಣ್ ಎಂದು ಸುಮ್ಮನಾಯಿತು. ಎಲ್ಲರೂ ಅದನ್ನೇ ನೋಡಿದರು. ಮಿಸ್ಡ್ ಕಾಲ್. ಮೊದಲು ಬಾಯಿ ಬಿಟ್ಟವರು ಮಾದಿಲ್.

"ಕೇಳಿಸ್ತಾ?" ಎಂದರು. "ಬೀಗಿತ್ತಿ ಓಮಿನ್ ಅಂದ್ರು."

"ಅದು ರಿಂಗ್ ಅಲ್ವಾ ಮಾವ?" ಎಂದು ಮದುಮಗ ಬೆಕ್ತೆನ್ ಬಾಯಿ ಹಾಕಿದ.

"ಸುಮ್ನಿರೋ ಅಳಿಯ. ಅವ್ರ ದನಿ ನಂಗೊತ್ತಿಲ್ವಾ? ಓಮಿನ್!"

"ಓಮಿನ್!" ಎಂದಿತು ಇಡೀ ಹಾಲ್, ನೂರಾರು ಜೋಡಿ ಕೈಗಳು ಮುಖ ಸವರಿದವು, ಬೋರ್ಸೋಕ್‌ಗಳು ನೆಲದ ತುಂಬ ಉರುಳಿದವು, ಹೆಪ್ಪುಗಟ್ಟಿದ ಮಾಂಸದ ಮೇಲೆ ಜನ ಬಿದ್ದ ಬಗೆ ನೋಡಿ ತೋಳಗಳು ಪಾಠ ಕಲಿಯಬೇಕಿತ್ತು ಎನ್ನುತ್ತಾನೆ ಅಣ್ಣ.

ಇತ್ತ ಗುಡಾರದಲ್ಲಿ ನಾನು ತಲೆ ತಗ್ಗಿಸಿ, "ಅಮ್ಮ, ಓಮಿನ್ ಒಂದು ಹೋಗ್ಲಿಲ್ಲ" ಎಂದೆ. ಅವರು ಕಣ್ಣಿನಿಂದಲೇ ಪಕ್ಕದ ಹಾಸು ತೋರಿಸಿದರು. "ಸಾಕು ಬಾ, ಕೂತ್ಕೋ," ಎಂದರು. "ನಿನ್ ಮುಖ ಗಾಳೀಲಿ ಒಡ್ದೋಗಿದೆ. ನನ್ ಮಾತು ನಾನು ಮುಗಿಸ್ತೀನಿ, ಕೇಳೋದು ಬಿಡೋದು ಅಲ್ಲಿಯೋರ ಹಣೆಬರಹ. ಓಮಿನ್." ನಾವು ಮೂವರೂ ಮುಖ ಸವರಿಕೊಂಡೆವು; ಅನಾರ್ಕುಲ್ ಬಕೆಟ್ ಇಟ್ಟು ಬಂದು ಸವರಿಕೊಂಡಳು. ಎರಡು ಓಮಿನ್‌ಗಳಲ್ಲಿ ಯಾವುದು ಮೊದಲಾಯಿತು ಎಂದು ಆಮೇಲೆ ಬಹಳ ಚರ್ಚೆ ನಡೆಯಿತು. ಯಾರಿಗೂ ಗೊತ್ತಿಲ್ಲ, ಅಂಗೈ ಮೇಲೆ ಮಾಡಿ ಹಿಡಿದವರ ಕೈಗಡಿಯಾರ ನೆಲ ನೋಡುತ್ತಿರುತ್ತದೆ.

ಸೇತುವೆ ಸರಿಹೋದ ಮೇಲೆ ಮಾದಿಲ್, ಮಗಳು ಮತ್ತು ಅಳಿಯನನ್ನು ಕರೆದುಕೊಂಡು ಬಂದರು. ಅಮ್ಮನಿಗೆಂದು ಒಂದು ಕಂದು ಕುದುರೆ ತಂದಿದ್ದರು. ಗುಡಾರದ ಮುಂದೆ ಅದನ್ನು ನಡೆಸಿ, ಓಡಿಸಿ, ತಿರುಗಿಸಿ ತೋರಿಸಿದರು. ಅಮ್ಮ ಊರುಗೋಲು ಹಿಡಿದು ಬಂದು ನಾಲ್ಕೂ ಗೊರಸು ಎತ್ತಿಸಿ ನೋಡಿದರು.

"ಎಲ್ಲಾ ಕಾಲೂ ಸರಿ ಇದೆ ಮಾದಿಲ್," ಎಂದರು ಚಿಂತೆಯಿಂದ. "ಇಂಥಾದ್ದನ್ನ ನಂಬೋದು ಹೇಗೆ?"

ಇಬ್ಬರು ಮುದಿಬೀಗರೂ ಉಸಿರು ಕಟ್ಟುವಷ್ಟು ನಕ್ಕರು. ಬೇಗಿಮೈ ಮಾತ್ರ ಅಮ್ಮನ ಪಕ್ಕದಲ್ಲಿ ಕೂತು ಮೆಲ್ಲಗೆ, "ಅಜ್ಜಿ, ಆ ಇಪ್ಪತ್ತೇಳರಲ್ಲಿ ಏನಾದ್ರೂ ಕಮ್ಮಿ ಮಾಡ್ತೀರಾ?" ಎಂದು ಕೇಳಿದಳು. "ಕೊಟ್ಟಿದ್ದು ವಾಪಸ್ ತಗೊಳೋಕಾಗಲ್ಲ ಕಣೇ," ಎಂದರು ಅಮ್ಮ. "ಆದ್ರೆ ಬೇರೆಯೋರಿಗೆ ಹಂಚ್ಬಹುದು. ಮದ್ವೆಗೆ ಬಂದೋರೆಲ್ಲ ಕೈ ಚಾಚಿಕೊಂಡೇ ಕೂತಿದ್ರಲ್ಲ."

ಇನ್ನು ನನ್ನ ವಿನಂತಿಗಳು, ದೊಡ್ಡ ಮನಸ್ಸು ಮಾಡಬೇಕು. ಒಂದು ಫೈಲು ಮುಕ್ಕಾಲು ದಾರಿ ಬಂದು ನಿಂತಾಗ, ಅದು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ತಾವು ನೆನಪಿಟ್ಟುಕೊಳ್ಳಲು ಸಾಧ್ಯವೇ? ನಮ್ಮ ಬೂದು ಕುದುರೆ ಕತ್ತಲಲ್ಲೂ ತಾನು ಮೇಯುವುದನ್ನು ನಿಲ್ಲಿಸಿದ ಜಾಗಕ್ಕೇ ಹೋಗಿ ಬಾಯಿ ಹಾಕುತ್ತದೆ. ಬೇಕಾದರೆ ಅದನ್ನು ಒಂದು ಋತುವಿನ ಮಟ್ಟಿಗೆ ತಮಗೆ ಗುರುವಾಗಿ ಬಿಟ್ಟುಕೊಡುತ್ತೇನೆ. ಮೋಡಗಳೊಂದಿಗೆ ತಾವು ಮುಖಾಮುಖಿ ಕೂತು ಒಂದು ಒಪ್ಪಂದಕ್ಕೆ ಬರಬೇಕೆಂದು, ಬರಲಾಗದಿದ್ದರೆ ಮುಂಗಡವಾಗಿ ನಮಗೊಂದು ಮಾತು ತಿಳಿಸಬೇಕೆಂದು ಕೋರುತ್ತೇನೆ. ತಿಳಿಸುವುದು ಹೇಗೆ ಎಂಬ ತಮ್ಮ ಕಷ್ಟ ನನಗೂ ಅರ್ಥವಾಗುತ್ತದೆ. ಬೈಗುಳವನ್ನು ಸಾಗಿಸುವ ತಮ್ಮ ಉತ್ಸಾಹದಲ್ಲಿ ಹತ್ತರಲ್ಲೊಂದು ಪಾಲನ್ನು ಒಳ್ಳೆಯ ಮಾತಿಗೂ ತೋರಿಸಿ. ಬೇಗಿಮೈಯ ಮೊದಲ ಕೂಸಿನ ತೊಟ್ಟಿಲ ಹಬ್ಬಕ್ಕೆ ತಾವು ಸ್ವತಃ ಬರಬೇಕು. ಗೌರವದ ಅತಿಥಿಗೆ ಸಲ್ಲುವ ಕುರಿಯ ತಲೆಯನ್ನು ತಮಗೇ ಇಡುತ್ತೇವೆ, ಹರಕೆ ಮುಗಿಯುವವರೆಗೆ ತಾವು ಆ ನಾಲ್ಕು ಕಾಲುಗಳನ್ನೂ ತೆರೆದ ಅಂಗೈಗಳಂತೆ ಮೇಲೆತ್ತಿ ಹಿಡಿದುಕೊಂಡಿರಬೇಕು, ಅಷ್ಟೇ ನಮ್ಮ ಆಸೆ.

ತಮ್ಮ ನೆರಳಿನಲ್ಲಿ ಬದುಕುವ, ತಮ್ಮ ಕೃಪೆಯಿಲ್ಲದೆಯೂ ಬದುಕಿರುವ,

ತಮ್ಮ ವಿಶ್ವಾಸಿ,
ಎಸೆನ್‌ಕುಲ್

ಮರೆತ ಮಾತು: ಈ ಪತ್ರವನ್ನು ತಮ್ಮ ಕಾಲಿಗೆ ಕಟ್ಟಲೆಂದು ಬಂದು ನಿಂತಾಗ, ಒಂದು ಅಕ್ಷರವೂ ಮುಕ್ಕಾಗದೆ, ಒಂದು ಚಣವೂ ತಡವಾಗದೆ ತಮ್ಮ ಕಂಪನಿಯ ಸಂದೇಶವೊಂದು ನನ್ನ ಫೋನಿಗೆ ಬಂದಿತು: "ಪ್ರಿಯ ಗ್ರಾಹಕರೇ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?" ಈ ಗುಡ್ಡದ ಮೇಲೆ ನಕ್ಷತ್ರಗಳಿಗೆ ಬರವಿಲ್ಲ ಮಾನ್ಯರೇ, ಜಿಪುಣತನ ಮಾಡದೆ, ಕಣ್ಣಿಗೆ ಕಾಣುವಷ್ಟನ್ನೂ ತೆಗೆದುಕೊಳ್ಳಿ ಎಂದು ಆಗಲೇ ಬರೆದು ಒತ್ತಿದ್ದೇನೆ. ಉತ್ತರ ಇನ್ನೂ ಹೋಗುತ್ತಲೇ ಇದೆ.